‘ಮದು’ ಅಂತ ಬಂದ ಫೈಲು

ಅಕ್ಕನ ಮದುವೆ ಫೋಟೊಗಳು ಹಳೇ ಲ್ಯಾಪ್‌ಟಾಪಿನಲ್ಲಿದ್ದವು. ಇನ್ನೊಂದು ಕಂಪ್ಯೂಟರಿಗೆ ಸಾಗಿಸೋಕೆ ಪೆನ್‌ಡ್ರೈವ್ ಹಾಕಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಕೆಟ್ (ಪ್ರೋಗ್ರಾಮ್‌ಗಳು ನೆಟ್‌ವರ್ಕ್ ಮೂಲಕ ಮಾತಾಡುವ ಬಾಗಿಲು) ಕಲಿಯುತ್ತಿದ್ದ ಹುಮ್ಮಸ್ಸು, ನಾನೇ ಪ್ರೋಗ್ರಾಮ್ ಬರೆದು ಕಳಿಸ್ತೀನಿ ಅಂತ ಕೂತೆ.

ಪಡೆಯುವ ಕಡೆ ಬೈಂಡ್ (ಒಂದು ವಿಳಾಸ ಹಿಡಿಯೋದು), ಲಿಸನ್ (ಕರೆಗೆ ಕಾಯೋದು), ಆಕ್ಸೆಪ್ಟ್ (ಬಂದ ಕರೆ ಒಪ್ಪಿಕೊಳ್ಳೋದು). ಕಳಿಸುವ ಕಡೆ ಕನೆಕ್ಟ್. 127.0.0.1, ಅಂದರೆ ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳುವ ವಿಳಾಸಕ್ಕೆ ಬೈಂಡ್ ಮಾಡಿದ್ದರಿಂದ ಇನ್ನೊಂದು ಕಂಪ್ಯೂಟರಿಂದ ಕನೆಕ್ಷನ್ನೇ ಸಿಗಲಿಲ್ಲ. ಅದನ್ನು 0.0.0.0 (ಈ ಕಂಪ್ಯೂಟರಿನ ಯಾವ ವಿಳಾಸಕ್ಕೆ ಬಂದರೂ ಸರಿ) ಮಾಡಿ, ಹೊರಗಿನ ಕರೆ ತಡೆಯುವ ಫೈರ್‌ವಾಲ್‌ನಲ್ಲಿ ನನ್ನ ಪ್ರೋಗ್ರಾಮಿನ ಪೋರ್ಟ್ (ಬಾಗಿಲ ನಂಬರು) ತೆರೆದೆ.

ಮೊದಲು ಫೈಲಿನ ಹೆಸರು, ಹಿಂದೆಯೇ ಫೋಟೊ ಕಳಿಸಿದರೆ, ಹೆಸರಿನ ಬಾಲಕ್ಕೆ ಫೋಟೊದ ತಲೆ ಅಂಟಿಕೊಂಡು ಬಂತು. ನಾನು ಎರಡು ಸಲ ಕಳಿಸಿದ್ದು ಟಿಸಿಪಿಗೆ, ಅಂದರೆ ಡೇಟಾ ಸಾಗಿಸುವ ನೆಟ್‌ವರ್ಕ್ ನಿಯಮಕ್ಕೆ, ಲೆಕ್ಕಕ್ಕಿಲ್ಲ. ಅದು ನಲ್ಲಿ ನೀರಿನ ಹಾಗೆ, ಯಾವ ಬಿಂದಿಗೆ ಎಲ್ಲಿಗೆ ತುಂಬಿತು ಅಂತ ನಾವೇ ನೋಡಿಕೊಳ್ಳಬೇಕು. 1024 ಬೈಟ್ ಕೇಳಿದರೆ ಅಷ್ಟೂ ಒಟ್ಟಿಗೆ ಬರುತ್ತೆ ಅನ್ನೋ ಖಾತ್ರಿಯೂ ಇಲ್ಲ, ಒಂದೇ ಬಂದರೂ ಬಂತು.

ಹಾಗಾಗಿ ಫೈಲಿಗೂ ಮುಂಚೆ ಅದರ ವಿವರ ಹೇಳುವ ಹೆಡರ್ ಮಾಡಿದೆ: 4 ಬೈಟಿನಲ್ಲಿ ಹೆಸರಿನ ಉದ್ದ, ಆಮೇಲೆ ಹೆಸರು, 8 ಬೈಟಿನಲ್ಲಿ ಫೈಲಿನ ಗಾತ್ರ, ಆಮೇಲೆ ಫೈಲು. ಕೇಳಿದಷ್ಟು ಸಿಗುವ ತನಕ ಓದುವ ಒಂದು ಲೂಪ್. ಇಂಗ್ಲಿಷ್ ಹೆಸರಿನ ಫೋಟೊಗಳೆಲ್ಲ ಸಲೀಸಾಗಿ ಹೋದವು.

ಎಡವಟ್ಟಾಗಿದ್ದು ಅಕ್ಕ ಕನ್ನಡದಲ್ಲಿ ‘ಮದುವೆ’ ಅಂತ ಹೆಸರಿಟ್ಟಿದ್ದ ಜೆಪಿಜಿಗೆ. ಆ ಕಡೆ ‘ಮದು’ ಅನ್ನೋ ಫೈಲು ಹುಟ್ಟಿತು, ಪ್ರೋಗ್ರಾಮ್ ಮಾತ್ರ ಮುಗಿಯಲೇ ಇಲ್ಲ, ಫ್ಯಾನ್ ಭರ್ರೋ ಅಂತ ತಿರುಗ್ತಾ ಇದೆ. ಗಾತ್ರ ಪ್ರಿಂಟ್ ಮಾಡಿಸಿದರೆ ಸುಮಾರು 1.6 ಕೋಟಿ ಟೆರಾಬೈಟ್! ಆ ಫೈಲನ್ನು ತೆರೆದು ನೋಡಿದಾಗ ಮೊದಲ ಎರಡೇ ಅಕ್ಷರ ಗುಟ್ಟು ಬಿಟ್ಟುಕೊಟ್ಟವು: ಪಿ, ಜಿ. ಹೆಸರಿನ ಕೊನೇ ತುಂಡು ಫೋಟೊದೊಳಗೆ ಬಂದು ಕೂತಿತ್ತು.

ನಾನು ಉದ್ದ ಅಳೆದಿದ್ದು ಸ್ಟ್ರಿಂಗಿನದು, ಅಂದರೆ ಬೈಟ್ ಅಲ್ಲ, ಹೆಸರಿನಲ್ಲಿರೋ ಅಕ್ಷರ-ಚಿಹ್ನೆಗಳ ಲೆಕ್ಕ. ಮ, ದ, ಉಕಾರದ ಕೊಂಬು, ವ, ಎಕಾರದ ಎತ್ವ ಸೇರಿ 5, ಚುಕ್ಕಿ ಮತ್ತು ಜೆಪಿಜಿ 4, ಒಟ್ಟು 9. ಅಕ್ಷರಗಳನ್ನು ಬೈಟಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್, ಇಂಗ್ಲಿಷಿನದಕ್ಕೆ 1, ಅಲ್ಲಿಗೆ ಹೆಸರು 19 ಬೈಟ್. ಆ ಕಡೆ 9 ಓದಿ ‘ಮದು’ ಅಂದುಕೊಂಡು, ಮುಂದಿನ 8 ಬೈಟನ್ನು, ಅಂದರೆ ‘ವೆ’, ಚುಕ್ಕಿ, ಜೆ ಇವನ್ನು, ಗಾತ್ರ ಅಂತ ನಂಬಿತ್ತು. ಕಳಿಸಿದ ಕಡೆ ಕನೆಕ್ಷನ್ ಮುಚ್ಚಿದ ಮೇಲೆ ಎಷ್ಟು ಸಲ ಓದಿದರೂ ಬರೋದು ಖಾಲಿ, ಒಂದು ಬೈಟೂ ಇರಲ್ಲ. ಹಾಗೆ ಖಾಲಿ ಬಂದರೆ ನಿಲ್ಲು ಅಂತ ನಾನು ಬರೆದೇ ಇರಲಿಲ್ಲ, ಅದಕ್ಕೇ ಲೂಪ್ ತಿರುಗ್ತಾನೇ ಇತ್ತು.

ಮೊದಲು ಹೆಸರನ್ನು ಎನ್‌ಕೋಡ್ ಮಾಡಿ (ಬೈಟಾಗಿಸಿ), ಆಮೇಲೆ ಉದ್ದ ಅಳೆದೆ. ಎರಡೂ ಕಡೆ ಫೈಲಿನ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ತಾಳೆ ನೋಡಿದೆ, ಸರಿಬಂತು. ಬೇರೆಯವರು ಓದದ ಹಾಗೆ ಮಾಡುವ ಎನ್‌ಕ್ರಿಪ್ಷನ್ ಗಿನ್‌ಕ್ರಿಪ್ಷನ್ ಏನೂ ಹಾಕಿಲ್ಲ, ಹಾಗಾಗಿ ಮನೆಯ ವೈಫೈ ಬಿಟ್ಟು ಆಚೆ ಇದನ್ನು ಓಡಿಸಿಲ್ಲ.