ತಾರಸಿಗೊಂದು ಮದ್ದು, ತಗಡಿಗೊಂದು ಮದ್ದು

ಶಿವರಾತ್ರಿ ಕಳೆಯಿತೆಂದರೆ ಮೈಸೂರಿನಲ್ಲೂ ಬಿಸಿಲು ಬಿಸಿಲೇ. ಬೋಗಾದಿಯ ನಮ್ಮ ಮನೆಯ ಮಹಡಿ ಕೋಣೆ ಮಟಮಟ ಮಧ್ಯಾಹ್ನಕ್ಕಿಂತ ರಾತ್ರಿ ಊಟದ ಹೊತ್ತಿಗೆ ಹೆಚ್ಚು ಕುದಿಯುತ್ತಿತ್ತು. ಕಾರು ಶೆಡ್ಡಿನ ತಗಡು ಹಾಗಲ್ಲ. ಬೆಳಿಗ್ಗೆ ಹತ್ತಕ್ಕೆಲ್ಲ ಉರಿ, ಹೊತ್ತು ಮುಳುಗಿದ ಸ್ವಲ್ಪದರಲ್ಲೇ ತಣ್ಣಗೆ. ಆರಂಗುಲದ ಆರ್‌ಸಿಸಿ ಬಿಸಿಲನ್ನು ಕುಡಿದು, ನಾಲ್ಕೈದು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ತೆಳು ತಗಡು ಕಾದ ತಕ್ಷಣ ಕೆಳಕ್ಕೆ ಸೂಸುತ್ತದೆ. ಬಿಸಿ ತಡೆಯಲೆಂದು ಎರಡಕ್ಕೂ ಒಂದೇ ವಸ್ತು ತಂದು ಹೊದಿಸುವುದು ದುಡ್ಡು ದಂಡ ಎಂದು ಮೊದಲೇ ತೀರ್ಮಾನಿಸಿದೆ.

ಫಾಲ್ಸ್ ಸೀಲಿಂಗ್ ಮಾಡಿಸಿ ಅದರ ಮೇಲೆ ಗ್ಲಾಸ್‌ವುಲ್, ಅಂದರೆ ಗಾಜಿನ ಎಳೆಯ ಹತ್ತಿಯಂಥ ಹಾಸು, ಹಾಸಿ ಎಂದವರಿದ್ದರು. ನಾನು ಒಪ್ಪಲಿಲ್ಲ. ಒಳಗಿನಿಂದ ಏನೇ ಕಟ್ಟಿದರೂ ಮೇಲಿನ ಕಾಂಕ್ರೀಟು ದಿನವೂ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಬಿರುಕಿಗೆ ಅದೇ ಮೂಲ. ಹೊದಿಕೆ ಬಿಸಿಲಿನ ಕಡೆಗೇ ಇರಬೇಕು. ಬಿಳಿ ಬಣ್ಣ ಎಲ್ಲಕ್ಕಿಂತ ಅಗ್ಗ, ಬಾಡಿಗೆ ಮನೆಗೆ ನಾನು ಹೇಳುವುದು ಅದನ್ನೇ. ಆದರೆ ದೂಳು ಕೂತಷ್ಟೂ ಅದರ ಗುಣ ಇಳಿಯುತ್ತದೆ.

ನಾನು ಆರಿಸಿದ್ದು 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಹಲಗೆ, ಅಂದರೆ ಥರ್ಮಾಕೋಲಿನ ಜಾತಿಯದೇ ಆದರೂ ಅದಕ್ಕಿಂತ ಗಟ್ಟಿಯಾದ, ನೀರು ಅಷ್ಟಾಗಿ ಕುಡಿಯದ ನೊರೆಹಲಗೆ. ಲೆಕ್ಕ ಹಾಕಿದರೆ, ಬರಿಯ ತಾರಸಿಯ ಯು-ಮೌಲ್ಯ, ಅಂದರೆ ಶಾಖ ದಾಟುವ ಪ್ರಮಾಣ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬ ಲೆಕ್ಕ, ಕಡಿಮೆಯಾದಷ್ಟೂ ಒಳ್ಳೆಯದು), ಸುಮಾರು 3.3, ಈ ಹಲಗೆ ಹಾಸಿದರೆ 0.5ರ ಆಸುಪಾಸು. ಮನೆಗಳಲ್ಲಿ ವಿದ್ಯುತ್ ಉಳಿಸಲೆಂದು ಕೇಂದ್ರ ಸರ್ಕಾರ ತಂದ 2018ರ ಇಕೊ ನಿವಾಸ್ ಸಂಹಿತೆ ವಾಸದ ಮನೆಯ ಚಾವಣಿಗೆ ಹೇಳುವ ಮಿತಿ 1.2.

"ಸಾರ್, ಮಾಮೂಲಿ ಥರ್ಮಾಕೋಲ್ ಹಾಕಿದರೆ ದುಡ್ಡು ಉಳಿಯುತ್ತದೆ" ಎಂದರು ಮೇಸ್ತ್ರಿ.

"ನೀರು ಕುಡಿದರೆ ಅದು ಕೆಲಸಕ್ಕೆ ಬಾರದು ಮೇಸ್ತ್ರಿಗಳೇ" ಎಂದೆ.

ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ತಾರಸಿಗೆ ನೀರು ಕಟ್ಟಿ ನಿಲ್ಲಿಸಿ ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಹಲಗೆ ಹಾಸಿದ ಮೇಲೆ ಸೋರಿಕೆ ಹುಡುಕುವುದು ಯಾರಿಗೂ ಬೇಡ. ಅಂಟಿನ ವಿಷಯದಲ್ಲೂ ಎಚ್ಚರ ಬೇಕು. ಥಿನ್ನರ್ ಬೆರೆತ ಅಂಟನ್ನು ಒಂದು ತುಂಡಿನ ಮೇಲೆ ಹನಿಸಿ ನೋಡಿದೆವು. ನೋಡನೋಡುತ್ತಿದ್ದಂತೆ ಹಲಗೆ ಸುರುಟಿ, ಕರಗಿ ಗುಳಿಬಿತ್ತು. ಹಾಗಾಗಿ ಸಿಮೆಂಟ್ ಆಧಾರದ ಅಂಟನ್ನೇ ಬಳಸಿದೆವು. ಅಂಚಿಗೆ ಅಂಚು ಕೂಡಿಸಿ, ಸಂದುಗಳಿಗೆ ಟೇಪ್ ಹಚ್ಚಿ, ಮೇಲೆ ಜಾಲರಿ ಹಾಸಿ ಕಾಂಕ್ರೀಟು ಎಳೆದು, ಮಳೆನೀರಿನ ಪೈಪಿನ ಕಡೆಗೆ ವಾಟ ಕೊಟ್ಟು ಬಿಳಿ ಟೈಲ್ಸ್ ಕೂರಿಸಿದರು. ಬಿಸಿಲಿಗೆ ತೆರೆದಿಟ್ಟರೆ ಈ ಹಲಗೆ ಪುಡಿಯಾಗುತ್ತದೆ, ಆದ್ದರಿಂದ ಮೇಲ್ಹೊದಿಕೆ ಬೇಕೇ ಬೇಕು. ನೆಲ ನಾಲ್ಕೈದು ಅಂಗುಲ ಏರುವುದರಿಂದ ಮೆಟ್ಟಿಲ ಬಾಗಿಲಿನ ಹೊಸ್ತಿಲನ್ನು ಮೊದಲೇ ಎತ್ತರಿಸಬೇಕು, ಸೋಲಾರ್ ಸ್ಟ್ಯಾಂಡಿನ ಕಾಲುಗಳನ್ನೂ. ಅಶ್ವಿನಿ ಮಳೆ ಶುರುವಾಗುವ ಮೊದಲೇ ಕೆಲಸ ಮುಗಿಯಿತು. ಈಗ ರಾತ್ರಿ ಮಂಚದ ಮೇಲೆ ನಿಂತು ಚಾವಣಿಗೆ ಅಂಗೈ ಇಟ್ಟರೆ ಆ ಹಳೆಯ ಬಿಸಿ ಇಲ್ಲ.

ಶೆಡ್ಡಿನ ಕೆಲಸ ಇದಕ್ಕಿಂತ ಹಗುರ. ಎರಡೂ ಮುಖ ಹೊಳೆಯುವ ಅಲ್ಯೂಮಿನಿಯಂ ಬಬಲ್ ಹಾಳೆ ಸಾಕು. ತಗಡಿಗೆ ತಾಗಿಸಿ ಅಂಟಿಸಿದರೆ ಶಾಖ ನೇರ ದಾಟಿಬಿಡುತ್ತದೆ. ನಡುವೆ ಗಾಳಿಗೆ ಒಂದಂಗುಲವಾದರೂ ಜಾಗ ಬೇಕು. ತಗಡು ಹೊತ್ತ ಕಬ್ಬಿಣದ ಅಡ್ಡಪಟ್ಟಿಗಳ ಕೆಳಗೆ ಜಾಲರಿ ಬಿಗಿದು, ಅದರ ಮೇಲೆ ಹಾಳೆ ಹಾಸಿದೆವು. ಮೇಲ್ಮುಖಕ್ಕೆ ಎಂದಿದ್ದರೂ ದೂಳು ಕೂರುತ್ತದೆ, ಕೆಳಮುಖದ ಹೊಳಪು ಮಾತ್ರ ಉಳಿದು ಕೆಲಸ ಮಾಡುತ್ತದೆ. ಪೆಟ್ರೋಲ್ ವಾಹನ ನಿಲ್ಲುವ ಜಾಗದಲ್ಲಿ ಬರಿಯ ಥರ್ಮಾಕೋಲನ್ನು ತೂಗುಹಾಕುವುದು ಮಾತ್ರ ಬೇಡವೇ ಬೇಡ, ಬೆಂಕಿ ತಗುಲಿದರೆ ಉರಿಯುತ್ತ ತೊಟ್ಟಿಕ್ಕುತ್ತದೆ. ಹಾಳೆಯ ಮೇಲೆ ಸೇರುವ ಬಿಸಿಗಾಳಿ ಹೊರಹೋಗಲೆಂದು ಶೆಡ್ಡಿನ ಎರಡೂ ತುದಿಯಲ್ಲಿ ಕಿಂಡಿ ಬಿಟ್ಟು, ಇಲಿ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದ್ದೇನೆ.