ಹಡಗಿನ ಹೆಸರೇ ‘ಬಿನ್’: ಸಿಡ್ನಿಯಲ್ಲಿ ಬೀಗರ ವಂಶ ಹುಡುಕಿದ್ದು

31 ವರ್ಷ ಉಪನೋಂದಣಿ ಕಚೇರಿಯಲ್ಲಿ ಸವೆದವನು ನಾನು. ಈ ಜಮೀನು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಹಳೇ ಪುಸ್ತಕ ತಿರುವಿ ಋಣಭಾರ ಪತ್ರ ಬರೆದು ಕೊಡುವುದೇ ಕೆಲಸ. ಧೂಳು ಕುಡಿದು ಕುಡಿದು ಮೂಗು ಈಗಲೂ ಸರಿಯಿಲ್ಲ. ನಿವೃತ್ತಿ ಆದಮೇಲೆ ಸಿಡ್ನಿಯಲ್ಲಿರುವ ಮಗನ ಮನೆಗೆ ಆರು ತಿಂಗಳಿಗೆಂದು ಹೋದೆವು. ಸೇತುವೆ, ಕಡಲು, ಕಾಂಗರೂ ಎಲ್ಲ ಹದಿನೈದು ದಿನದಲ್ಲಿ ಮುಗಿಯಿತು. ಹೆಂಡತಿಗೆ ಮೊಮ್ಮಗು ಇತ್ತು. ನನಗೆ ಮಾಡಲು ಏನೂ ಇರಲಿಲ್ಲ.

ಸೊಸೆ ಅಲ್ಲಿಯವಳೇ. ಒಂದು ಭಾನುವಾರ ಊಟಕ್ಕೆ ಬಂದಿದ್ದ ಬೀಗರು ತಮ್ಮ ಮನೆತನದ ಮಾತು ತೆಗೆದರು. ಅವರ ಮೂಲಪುರುಷ ‘ಸ್ಕಾರ್ಬರೋ’ ಎಂಬ ಹಡಗಿನಲ್ಲಿ ಬಂದನಂತೆ. ಅದು ಫಸ್ಟ್ ಫ್ಲೀಟ್‌ನ ಹಡಗು. 1787ರ ಮೇ 13ಕ್ಕೆ ಇಂಗ್ಲೆಂಡ್ ಬಿಟ್ಟು 1788ರ ಜನವರಿಯಲ್ಲಿ ಇಲ್ಲಿಗೆ ಮುಟ್ಟಿದ ಆ 11 ಹಡಗುಗಳ ತಂಡಕ್ಕೆ ಅಲ್ಲಿ ಆ ಹೆಸರು. ಕಾಲೋನಿ ಕಟ್ಟಲು ಬ್ರಿಟಿಷರು ಕೈದಿಗಳನ್ನೂ ಅವರ ಕಾವಲಿಗೆ ಸಿಪಾಯಿಗಳನ್ನೂ ತುಂಬಿ ಕಳಿಸಿದ ಮೊದಲ ತಂಡ ಅದು. ಮೊದಲ ರೈತ ಎಂದು ಹೆಸರಾದ ಜೇಮ್ಸ್ ರೂಸ್ ಕೂಡ ಅದೇ ಹಡಗಿನಲ್ಲಿ ಬಂದವನು. ಆದರೆ ರೂಸ್ ಕೈದಿ, ನಮ್ಮವರು ಸಿಪಾಯಿ ಎಂದು ಬೀಗರು ಒತ್ತಿ ಹೇಳಿದರು.

“ಕಾಗದ ಇದೆಯಾ?” ಎಂದೆ. ಮಗ ಮೇಜಿನ ಕೆಳಗೆ ಕಾಲು ತುಳಿದ. ಬೀಗರು ಬೇಜಾರು ಮಾಡಿಕೊಳ್ಳಲಿಲ್ಲ. ಮುಂದಿನ ವಾರ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಇಟ್ಟು, “ಹುಡುಕಿ” ಎಂದರು.

ನೇರವಾಗಿ ಅವರ ವಂಶಕ್ಕೆ ಕೈ ಹಾಕಲಿಲ್ಲ. ಕೈ ಪಳಗಲಿ ಎಂದು ಮೊದಲು ರೂಸ್‌ನನ್ನೇ ಹಿಡಿದೆ. ಅವನ ದಾಖಲೆಗಳೆಲ್ಲ ಸಾರ್ವಜನಿಕ. ಮೇಲಾಗಿ ಅವನ ಜಾಗ ಇರುವುದು ಹ್ಯಾರಿಸ್ ಪಾರ್ಕ್‌ನಲ್ಲಿ, ನಾವು ದೋಸೆ ತಿನ್ನಲು ಹೋಗುತ್ತಿದ್ದ ಕಡೆಯೇ. ಸಿಡ್ನಿಯ ‘ಲಿಟಲ್ ಇಂಡಿಯಾ’ ಅದು. ವಿಗ್ರಾಂ ಸ್ಟ್ರೀಟ್‌ನಲ್ಲಿ ಒಗ್ಗರಣೆ ವಾಸನೆ, ಅಲ್ಲಿಂದ ಸ್ವಲ್ಪ ನಡೆದರೆ ರೂಸ್ ಸ್ಟ್ರೀಟ್, ಅಲ್ಲಿ ‘ಎಕ್ಸ್‌ಪೆರಿಮೆಂಟ್ ಫಾರ್ಮ್ ಕಾಟೇಜ್’ ಎಂಬ ಜಗುಲಿ ಮನೆ. ನಾನು ಅದನ್ನು ರೂಸ್‌ನ ಮನೆ ಎಂದುಕೊಂಡೇ ಫೋಟೋ ತೆಗೆಸಿಕೊಂಡೆ. ಆಮೇಲೆ ಓದಿದರೆ, ರೂಸ್ ಆ ಜಮೀನನ್ನು 1793ರಲ್ಲೇ ಸರ್ಜನ್ ಜಾನ್ ಹ್ಯಾರಿಸ್‌ಗೆ 40 ಪೌಂಡಿಗೆ ಮಾರಿ ಹೋಗಿದ್ದ. ಮನೆ ಹ್ಯಾರಿಸ್ ಕಟ್ಟಿಸಿದ್ದು, ಎಷ್ಟೋ ವರ್ಷದ ಮೇಲೆ. ಬಡಾವಣೆಗೂ ಅವನದೇ ಹೆಸರು. ಕಾಗದ ಓದದೆ ಮಹಜರು ಮಾಡಿದರೆ ಹೀಗೇ ಆಗುತ್ತದೆ.

ರೂಸ್ ಕಾರ್ನ್‌ವಾಲ್‌ನವನು. ಎರಡು ಬೆಳ್ಳಿ ಗಡಿಯಾರ ಕದ್ದ ಕೇಸಿನಲ್ಲಿ 1782ರಲ್ಲಿ ಮೊದಲು ಗಲ್ಲು, ಆಮೇಲೆ ಅದನ್ನು ತಗ್ಗಿಸಿ 7 ವರ್ಷ ಗಡಿಪಾರು. ಇಲ್ಲಿ ಶಿಕ್ಷೆ ಮುಗಿದ ಮೇಲೆ ಗವರ್ನರ್ ಆರ್ಥರ್ ಫಿಲಿಪ್ ಅವನನ್ನು 1789ರ ನವೆಂಬರ್‌ನಲ್ಲಿ ಒಂದು ತುಂಡು ನೆಲದಲ್ಲಿ ಕೂರಿಸಿದ. ಒಬ್ಬ ಮನುಷ್ಯ ಇಲ್ಲಿ ತನ್ನ ಹೊಟ್ಟೆ ತಾನು ಹೊರೆಯಬಲ್ಲನಾ ಎಂದು ನೋಡುವ ಪರೀಕ್ಷೆ ಅದು. ಹೇಗೆ ಬೇಸಾಯ ಮಾಡಿದೆ ಎಂದು ರೂಸ್ ಹೇಳಿದ್ದನ್ನು ವಾಟ್ಕಿನ್ ಟೆಂಚ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಕಡಿದ ಮರ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿದ. ಗುದ್ದಲಿಯಲ್ಲಿ ದಿನಕ್ಕೆ ಇಷ್ಟೇ ಎಂದು ಚೆನ್ನಾಗಿ ಅಗೆದ. ಹುಲ್ಲು ಕಳೆ ಒಳಕ್ಕೆ ಮಗುಚಿ, ಗಾಳಿ ಬಿಸಿಲಿಗೆ ಬಿಟ್ಟು, ಬಿತ್ತುವ ಮುಂಚೆ ಮತ್ತೆ ತಿರುವಿ ಹಾಕಿದ. ಎತ್ತು ನೇಗಿಲು ಇಲ್ಲದ ಮಾಗಿ ಉಳುಮೆ ಇದು! ನಮ್ಮಪ್ಪ ಓದಿದ್ದರೆ ಸೈ ಎನ್ನುತ್ತಿದ್ದರು. 1791ರ ಫೆಬ್ರವರಿಗೆ ಅವನು ಇನ್ನು ಸರ್ಕಾರಿ ರೇಷನ್ ಬೇಡ ಎಂದ. ಮರುವರ್ಷ 30 ಎಕರೆಯ ಪತ್ರ ಕೈಗೆ ಬಂತು. ಆ ಕಾಲೋನಿಯ ಮೊದಲ ಸಾಗುವಳಿ ಚೀಟಿ ಅನ್ನಿ.

ಅವನ ಹೆಂಡತಿ ಎಲಿಜಬೆತ್‌ಳ ತವರಿನ ಹೆಸರು ಒಂದು ಕಡೆ ಪೆರಿ, ಇನ್ನೊಂದು ಕಡೆ ಪ್ಯಾರಿ. ಬರೆಯುವವನ ಕಿವಿಗೆ ಕೇಳಿಸಿದ್ದೇ ಕಾಗುಣಿತ. ರೂಸ್‌ನ ಸಮಾಧಿ ಕಲ್ಲಿನ ಬರಹವೂ ಹಾಗೇ, ತಪ್ಪು ತಪ್ಪು. ಮೊದಲ ಕಾಳು ಬಿತ್ತಿದವನು ನಾನೇ ಎಂದು ಅದರಲ್ಲಿದೆ. ಆ ‘ಮೊದಲ’ ಎಂಬ ಪದದಲ್ಲೇ ಕಾಗುಣಿತ ತಪ್ಪು. ಅದನ್ನು ನೋಡಿದ ದಿನವೇ ತೀರ್ಮಾನ ಮಾಡಿದೆ: ಬೀಗರ ಮನೆತನದ ಹೆಸರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಬರೆದು ಹುಡುಕಬೇಕು. ಆರು ಥರ ಬಂತು. ಕೊನೆಗೆ ಕೆಲಸಕ್ಕೆ ಬಂದದ್ದು ಐದನೆಯದು. (ಹೆಸರು ಇಲ್ಲಿ ಬರೆಯುವುದಿಲ್ಲ. ಬೀಗರ ಮನೆ ವಿಷಯ, ಸುಮ್ನೆ ಯಾಕೆ.)

ಇನ್ನು ಡಬ್ಬಿ. ಅದರಲ್ಲಿ ಒಂದು ಹಳೇ ಬೈಬಲ್, ಅದರ ಮೊದಲ ಹಾಳೆಯಲ್ಲಿ ಒಂಬತ್ತು ಮಕ್ಕಳ ಹುಟ್ಟಿದ ದಿನ. ಬೀಗರಿಗೆ ಅದೇ ವೇದ. ನಾನು ಕಿಟಕಿ ಹತ್ತಿರ ಹಿಡಿದು ನೋಡಿದೆ. 1851ರಿಂದ 1868ರವರೆಗಿನ ಒಂಬತ್ತೂ ಸಾಲು ಒಂದೇ ಶಾಯಿ, ಒಂದೇ ಕೈ, ಒಂದೇ ಓಟ. ಹದಿನೇಳು ವರ್ಷದಲ್ಲಿ ಪೆನ್ನು ಒಮ್ಮೆಯೂ ಬದಲಾಗಲಿಲ್ಲವಾ? ಯಾರೋ ಆಮೇಲೆ ಕೂತು ಒಂದೇ ಸಲ ಬರೆದದ್ದು. ಸುಳ್ಳು ಅಂತಲ್ಲ, ನೆನಪಿನಿಂದ ಬರೆದದ್ದು. ಮುಂದೆ ಎರಡು ದಿನಾಂಕ ತಪ್ಪಿದ್ದವು ಕೂಡ.

ಹುಡುಕುವ ದಿಕ್ಕು ಮಾತ್ರ ನಮ್ಮ ಕಚೇರಿಯದೇ. ಇವತ್ತಿನ ಖಾತೆದಾರನಿಂದ ಹಿಂದಕ್ಕೆ. 1788ರಲ್ಲಿ ಇಂಥವನಿದ್ದ, ಅವನೇ ನಮ್ಮವನು ಎಂದು ಮೇಲಿನಿಂದ ಇಳಿದು ಬಂದರೆ ಕೆಟ್ಟಿತು. ಅಂತರ್ಜಾಲದಲ್ಲಿ ಯಾರೋ ಹಾಕಿದ್ದ ಒಂದು ವಂಶವೃಕ್ಷದಲ್ಲಿ ಇದೇ ಆಗಿತ್ತು. ಅದರ ಪ್ರಕಾರ ಒಬ್ಬ ಹೆಂಗಸು ಸತ್ತು ಮೂರು ವರ್ಷಕ್ಕೆ ಮಗು ಹೆತ್ತಿದ್ದಳು. ಅದನ್ನೇ ನಾಲ್ಕು ಜನ ನಕಲು ಹೊಡೆದಿದ್ದರು. ನಮ್ಮಲ್ಲಿ ವಂಶವೃಕ್ಷ ಎಂದರೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಸ್ಥಳ ವಿಚಾರಣೆ ಆಗಿ ಬರುವ ಕಾಗದ. ಇಲ್ಲಿ ಯಾರು ಬೇಕಾದರೂ ಬರೆದುಕೊಳ್ಳಬಹುದು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸರ್ಕಾರಿ ಜನನ, ಮರಣ, ಮದುವೆ ನೋಂದಣಿ ಶುರುವಾದದ್ದು 1856ರ ಮಾರ್ಚ್ 1ಕ್ಕೆ. ಅದಕ್ಕೂ ಹಿಂದಿನದು ಚರ್ಚಿನ ಪುಸ್ತಕಗಳು. ಹಳೆಯದರ ಸೂಚಿಯನ್ನು ಮನೆಯಲ್ಲೇ ಕೂತು ಪುಕ್ಕಟೆ ನೋಡಬಹುದು, ಪ್ರತಿಗೆ ಮಾತ್ರ ದುಡ್ಡು. ಸೊಸೆ ಹುರುಪಿನಲ್ಲಿ ಎಲ್ಲಾ ತರಿಸೋಣ ಎಂದಳು. “ತಡಿಯಮ್ಮ” ಎಂದೆ. ಅಲ್ಲಿನ ಮರಣ ಪತ್ರದಲ್ಲಿ ಸತ್ತವನ ತಂದೆ ತಾಯಿ, ಹುಟ್ಟಿದ ಊರು, ಮದುವೆ, ಮಕ್ಕಳ ಹೆಸರು ವಯಸ್ಸು, ಕಾಲೋನಿಗೆ ಬಂದು ಎಷ್ಟು ವರ್ಷ, ಎಲ್ಲಕ್ಕೂ ಒಂದೊಂದು ಕಾಲಂ. ಮೂರು ಜನನ ಪತ್ರದ ದುಡ್ಡಿಗಿಂತ ಒಂದು ಮರಣ ಪತ್ರದ ದುಡ್ಡು ಜಾಸ್ತಿ ಕೆಲಸ ಮಾಡುತ್ತದೆ. ಹಾಗೆ ಒಂದೊಂದೇ ತಲೆ ಹತ್ತಿ 1871ರ ಒಂದು ಮರಣ ಪತ್ರಕ್ಕೆ ಬಂದು ನಿಂತೆವು. ಸತ್ತವನಿಗೆ 70 ವರ್ಷ, ಹುಟ್ಟಿದ್ದು ಹಾಕ್ಸ್‌ಬರಿ ನದಿ ದಂಡೆಯಲ್ಲಿ. ತಂದೆಯ ಹೆಸರು ಇದೆ, ಕಾಗುಣಿತ ಬೇರೆ. ತಾಯಿಯ ಹೆಸರು: ಗೊತ್ತಿಲ್ಲ. ಸೊಸೆಗೆ ಬೇಜಾರಾಯಿತು. ನಾನು ಕೊನೆಯ ಕಾಲಂ ತೋರಿಸಿದೆ. ಮಾಹಿತಿ ಕೊಟ್ಟವನು ಸತ್ತವನ ಅಳಿಯ. ಮಾವನ ತಾಯಿಯ ಹೆಸರು ಅಳಿಯನಿಗೆ ಎಲ್ಲಿಂದ ಗೊತ್ತಿರಬೇಕು, ಅಲ್ವಾ? ಯಾರು ಹೇಳಿದರು ಎಂದು ನೋಡದೆ ಏನು ಬರೆದಿದೆ ಎಂದು ಮಾತ್ರ ನೋಡಬಾರದು.

ಆ ತಂದೆಯೇ ನಮಗೆ ಬೇಕಾದವನು. ಅವನಿಗಾಗಿ 1828ರ ಜನಗಣತಿಗೆ ಹೋದೆವು. ಕಾಲೋನಿಯ ಮೊದಲ ಪೂರ್ತಿ ಜನಗಣತಿ ಅದು, ನವೆಂಬರ್‌ನಲ್ಲಿ ನಡೆದದ್ದು. ನೋಡಿದ ಕೂಡಲೇ ನನಗೆ ನಮ್ಮ ಪಹಣಿ ಕಂಡ ಹಾಗಾಯಿತು. ಹೆಸರು, ವಯಸ್ಸು, ಬಂದ ಹಡಗು, ಬಂದ ವರ್ಷ, ಶಿಕ್ಷೆ, ಧರ್ಮ, ಕಸುಬು, ಊರು, ಎಕರೆ, ದನ, ಕುರಿ. ಜೊತೆಗೆ ಎರಡಕ್ಷರದ ಗುರುತು. ‘ಬಿ.ಸಿ.’ ಅಂದರೆ ಕಾಲೋನಿಯಲ್ಲೇ ಹುಟ್ಟಿದವರು. ‘ಸಿ.ಎಫ್.’ ಅಂದರೆ ಸ್ವಂತ ಇಚ್ಛೆಯಿಂದ ಬಂದವರು. ‘ಎಫ್.ಎಸ್.’ ಅಂದರೆ ಶಿಕ್ಷೆ ಪೂರ್ತಿ ಅನುಭವಿಸಿ ಬಿಡುಗಡೆ ಆದವರು.

ಒಂದು ಸಂಜೆ ಸೊಸೆಯೇ ಆ ಸಾಲು ಹಿಡಿದಳು. ವಯಸ್ಸು 62. ಎಫ್.ಎಸ್. ಸ್ಕಾರ್ಬರೋ. 7 ವರ್ಷ.

“ಮಾವ, ಕೈದಿ!” ಎಂದು ಚಪ್ಪಾಳೆ ತಟ್ಟಿದಳು. ನಮ್ಮ ಕಡೆ ಇಂಥ ಸುದ್ದಿಗೆ ಚಪ್ಪಾಳೆ ಬೀಳುವುದಿಲ್ಲ. ನನ್ನ ಕಣ್ಣು ಮಾತ್ರ ಪಕ್ಕದ ಕಾಲಂ ಮೇಲಿತ್ತು. ಬಂದ ವರ್ಷ: 1790.

ಫಸ್ಟ್ ಫ್ಲೀಟ್ ಬಂದದ್ದು 1788. ಹಾಗಾದರೆ 1790 ಎಲ್ಲಿಂದ ಬಂತು? ಬರೆದವನ ತಪ್ಪಿರಬಹುದು ಎಂದುಕೊಂಡೆ. ನಲವತ್ತು ವರ್ಷದ ಹಿಂದಿನ ಮಾತು, ವಯಸ್ಸಾದವರು ಏನೋ ಹೇಳಿರುತ್ತಾರೆ. ಎರಡು ದಿನ ಅದನ್ನೇ ಜಗಿದೆ. ಆಮೇಲೆ ಹಡಗಿನ ವಿಷಯವನ್ನೇ ಓದಿದೆ. ಸ್ಕಾರ್ಬರೋ ಎರಡು ಸಲ ಬಂದಿದೆ! 1788ರಲ್ಲಿ ಒಮ್ಮೆ. ವಾಪಸ್ ಹೋಗಿ 1790ರ ಜೂನ್‌ನಲ್ಲಿ ಸೆಕೆಂಡ್ ಫ್ಲೀಟ್‌ನಲ್ಲಿ ಇನ್ನೊಮ್ಮೆ. ಸರ್ವೆ ನಂಬರ್ ಒಂದೇ, ಹಿಸ್ಸಾ ಬೇರೆ. ಇಂಥದ್ದನ್ನು ಕಚೇರಿಯಲ್ಲಿ ಎಷ್ಟು ನೋಡಿಲ್ಲ ನಾನು, ಆದರೂ ಎರಡು ದಿನ ಬೇಕಾಯಿತು.

ನಮ್ಮ ಪತ್ರಗಳಲ್ಲಿ ‘ರಾಮಯ್ಯ ಬಿನ್ ತಿಮ್ಮಯ್ಯ’ ಎಂದು ಬರೆಯುತ್ತೇವೆ. ಊರಲ್ಲಿ ಹತ್ತು ರಾಮಯ್ಯ ಇದ್ದರೂ ಬಿನ್ ಬೇರೆ ಮಾಡುತ್ತದೆ. ಅಪ್ಪ ಅಮ್ಮನನ್ನು ಸಮುದ್ರದ ಆಚೆ ಬಿಟ್ಟು ಬಂದ ಆ ಜನಕ್ಕೆ ಬಿನ್ ಎಲ್ಲಿಯದು? ಕಚೇರಿಯವರು ಹಡಗಿನ ಹೆಸರನ್ನೇ ಬರೆದರು. ಸಾಯುವ ತನಕ, ಎಲ್ಲಿ ಹೋದರೂ, ಇಂಥವನು, ಇಂಥ ಹಡಗು. ಅದಕ್ಕೇ ಬೀಗರ ಮನೆಯಲ್ಲಿ ಉಳಿದದ್ದೆಲ್ಲ ಮರೆತರೂ ಸ್ಕಾರ್ಬರೋ ಮರೆತಿರಲಿಲ್ಲ. ಹಡಗು ನಿಜ, ಸಲ ತಪ್ಪು.

ಒಂದೇ ಕಾಗದ ನಂಬಿ ಷರಾ ಬರೆಯುವ ಅಭ್ಯಾಸ ನನಗಿಲ್ಲ. ಕೈದಿಗಳನ್ನು ಹಡಗು ಹತ್ತಿಸಿದ ರಿಜಿಸ್ಟರ್ ಇಂಗ್ಲೆಂಡಿನ ಕ್ಯೂ ಎಂಬಲ್ಲಿದೆ, ಅದರ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಯಾರಿಗೆ ಎಲ್ಲಿ, ಯಾವಾಗ, ಎಷ್ಟು ಶಿಕ್ಷೆ ಎಂದು ಅದರಲ್ಲಿರುತ್ತದೆ. 1790ರ ಸ್ಕಾರ್ಬರೋ ಪಟ್ಟಿಯಲ್ಲಿ ನಮ್ಮವನು ಇದ್ದ, 1788ರದರಲ್ಲಿ ಇರಲಿಲ್ಲ. ಶಿಕ್ಷೆ ಆದ ಜಾಗ ಲಂಡನ್ನಿನ ಓಲ್ಡ್ ಬೈಲಿ. ಆ ಕೋರ್ಟಿನ ಹಳೇ ವಿಚಾರಣೆಗಳನ್ನೆಲ್ಲ ಪುಕ್ಕಟೆ ಓದಬಹುದು. ಅದೇ ಹೆಸರಿನವರು ಇಬ್ಬರು ಸಿಕ್ಕರು. ತಿಂಗಳು ಮತ್ತು ಶಿಕ್ಷೆಯ ವರ್ಷ ತಾಳೆ ಹಾಕಿದ ಮೇಲೆ ಒಬ್ಬ ಉಳಿದ. ಬಟ್ಟೆ ಕದ್ದ ಕೇಸು. ಒಬ್ಬ ಮನುಷ್ಯನನ್ನು ಭೂಮಿಯ ಆ ತುದಿಯಿಂದ ಈ ತುದಿಗೆ ಎಸೆದ ವಿಚಾರಣೆ ಅರ್ಧ ಪುಟವೂ ಇಲ್ಲ.

ಸೆಕೆಂಡ್ ಫ್ಲೀಟ್‌ನ ಕತೆ ಓದುವುದು ಕಷ್ಟ. ನೆಪ್ಚೂನ್, ಸರ್ಪ್ರೈಜ್, ಸ್ಕಾರ್ಬರೋ ಮೂರೂ ಸೇರಿ ಸುಮಾರು ಸಾವಿರ ಕೈದಿಗಳನ್ನು ಹತ್ತಿಸಿಕೊಂಡವು. ದಾರಿಯಲ್ಲೇ ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ ಸತ್ತರು. ಗುತ್ತಿಗೆದಾರರಿಗೆ ದುಡ್ಡು ನಿಗದಿಯಾಗಿದ್ದು ಹತ್ತಿಸಿಕೊಂಡ ತಲೆಗೆ, ಜೀವಂತ ಇಳಿಸಿದ ತಲೆಗಲ್ಲ. ಊಟ ಉಳಿದಷ್ಟೂ ಲಾಭ. ಇವನು ಅದರಲ್ಲಿ ಬದುಕಿ ಇಳಿದವನು.

ಸಿಪಾಯಿ ಕತೆ ಎಲ್ಲಿ ಹುಟ್ಟಿತು? ಅದಕ್ಕೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಎಂಬ ತಾಣ ನೆರವಾಯಿತು. ಹಳೇ ಪತ್ರಿಕೆಗಳನ್ನೆಲ್ಲ ಅದರಲ್ಲಿ ಹುಡುಕಬಹುದು. 1938ರಲ್ಲಿ ಅಲ್ಲಿ ಫಸ್ಟ್ ಫ್ಲೀಟ್ ಬಂದ 150ನೇ ವರ್ಷದ ಹಬ್ಬ ಮಾಡಿದ್ದರು. ಆ ಮೆರವಣಿಗೆಯಲ್ಲಿ ಕೈದಿಗಳ ಸುದ್ದಿಯೇ ಇಲ್ಲದ ಹಾಗೆ ನೋಡಿಕೊಂಡಿದ್ದರು, ಅಷ್ಟು ನಾಚಿಕೆ. ಅದೇ ವರ್ಷದ ಒಂದು ಊರ ಪತ್ರಿಕೆಯಲ್ಲಿ ಬೀಗರ ಸೋದರತ್ತೆಯ ನಾಲ್ಕು ಸಾಲು ಸಿಕ್ಕಿತು: ನಮ್ಮವರು ಫಸ್ಟ್ ಫ್ಲೀಟ್ ಸಿಪಾಯಿ ಎಂದು. ಅದಕ್ಕೂ ಹಿಂದಿನ ಯಾವ ಕಾಗದದಲ್ಲೂ ಆ ಮಾತಿಲ್ಲ.

ಬೀಗರಿಗೆ ಹೇಳಬೇಕಲ್ಲ. ಕಾಗದಗಳನ್ನು ಸಾಲಾಗಿ ಜೋಡಿಸಿ ಕೂರಿಸಿದೆ. ಕನ್ನಡಕ ಹಾಕಿ ಒಂದೊಂದೇ ಓದಿದರು. ಸುಮಾರು ಹೊತ್ತು ಮಾತಿಲ್ಲ. ಕೊನೆಗೆ, “ಕೈದಿ ಆದರೆ ಆಗಲಿ. ಆದರೆ ಸೆಕೆಂಡ್ ಫ್ಲೀಟಾ?” ಎಂದರು. ಈಗ ಕಳ್ಳ ಪೂರ್ವಜ ಇರುವುದು ಅಲ್ಲಿ ಹೆಮ್ಮೆ. ಎರಡನೇ ನಂಬರ್ ಮಾತ್ರ ಅವರಿಗೆ ನುಂಗಲು ಆಗಲಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಹಾಕ್ಸ್‌ಬರಿಯಲ್ಲಿ ಅವನಿಗೂ 30 ಎಕರೆ ಮಂಜೂರಾಗಿತ್ತು. ನಾನು ಅಭ್ಯಾಸ ಬಲದಿಂದ ಮೂಲ ಪತ್ರ ಹುಡುಕಿದೆ, ಕೊಟ್ಟವರು ಯಾರಿಂದ ಪಡೆದರು ಎಂದು. ನಮ್ಮಲ್ಲಿ ದರಖಾಸ್ತು ಜಮೀನಾದರೂ ಹಿಂದೆ ಗೋಮಾಳವೋ ಖರಾಬೋ ಎಂದು ಬರೆದಿರುತ್ತದೆ. ಇಲ್ಲಿ ಗವರ್ನರ್ ಕೊಟ್ಟ ಎಂಬಲ್ಲಿಗೆ ಪುಸ್ತಕವೇ ಮುಗಿಯುತ್ತದೆ. ಆ ನದಿಗೆ ಅಲ್ಲಿನ ಮೂಲನಿವಾಸಿಗಳಾದ ಡಾರುಗ್ ಜನ ಡ್ಯಾರಬಿನ್ ಎನ್ನುತ್ತಾರೆ. ದಂಡೆಯಲ್ಲಿ ಅವರು ಗೆಣಸಿನಂಥ ಗಡ್ಡೆ ಅಗೆದು ತಿನ್ನುತ್ತಿದ್ದರು. ಆ ಮಣ್ಣನ್ನೇ ಅಗೆದು ಇವರು ಮುಸುಕಿನ ಜೋಳ ಬಿತ್ತಿದರು. ಜಗಳ, ಗುಂಡು, ಸಾವು ಎಲ್ಲ ಆಯಿತು. ಮಾರಿದವನ ಸಹಿ ಇಲ್ಲದ ಪತ್ರಕ್ಕೆ ನಾನಾಗಿದ್ದರೆ ಆಕ್ಷೇಪಣೆ ಹಾಕಿ ವಾಪಸ್ ಕಳಿಸುತ್ತಿದ್ದೆ. ಇದನ್ನು ಬೀಗರ ಮುಂದೆ ಹೇಳಲಿಲ್ಲ. ಸೊಸೆಗೆ ಹೇಳಿದೆ. ಅವಳು ಅದನ್ನೂ ಫೈಲಿನಲ್ಲಿ ಬರೆದಿಟ್ಟಳು.

ಹೊರಡುವ ವಾರ ಚರ್ಚಿನ ಮದುವೆ ಪುಸ್ತಕದ ಪ್ರತಿ ಬಂತು. ಗಂಡನ ಹೆಸರಿನ ಮುಂದೆ ಸಹಿ ಇಲ್ಲ, ಒಂದು ಅಡ್ಡಗೀಟು ಗುರುತು, ನಮ್ಮ ಹೆಬ್ಬೆಟ್ಟಿನ ಹಾಗೆ. ಹೆಂಡತಿ ಮಾತ್ರ ಹೆಸರು ಬರೆದಿದ್ದಾಳೆ. ಒಂದೊಂದೇ ಅಕ್ಷರ, ನಿಧಾನವಾಗಿ, ಕೊನೆಯ ಅಕ್ಷರದ ಹತ್ತಿರ ಶಾಯಿ ಮುದ್ದೆಯಾಗಿದೆ. ಅಳಿಯನಿಗೆ ಗೊತ್ತಿಲ್ಲದ ಹೆಸರು ಇದೇ. ಅವಳು ಯಾವ ಹಡಗಿನವಳು ಎಂದು ಇನ್ನೂ ಸಿಕ್ಕಿಲ್ಲ. ಸೊಸೆ ಸಿಡ್ನಿಯ ಪಶ್ಚಿಮಕ್ಕೆ ಕಿಂಗ್ಸ್‌ವುಡ್‌ನಲ್ಲಿರುವ ರಾಜ್ಯ ದಾಖಲೆ ಭಂಡಾರಕ್ಕೆ ಹೋಗಿ ಬರುತ್ತಿದ್ದಾಳೆ. ಶನಿವಾರ ಶನಿವಾರ ಫೋನ್ ಮಾಡಿ, ಈ ವಾರ ಯಾವ ಯಾವ ಪಟ್ಟಿ ಮುಗಿಯಿತು ಎಂದು ನನಗೆ ಲೆಕ್ಕ ಒಪ್ಪಿಸುತ್ತಾಳೆ.