ಹಲ್ಲಿನ ಇನ್ಶೂರೆನ್ಸ್: ಕಂಪನಿಯದು ಸಾಕಾ, ನಮ್ಮದೇ ಒಂದು ಬೇಕಾ?

ಹೋದ ವರ್ಷ ದವಡೆ ಹಲ್ಲು ನೋವು ಅಂತ ಕೋಲಾರದ ಒಂದು ಕ್ಲಿನಿಕ್‌ಗೆ ಹೋದೆ. ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಒಟ್ಟು 7,500 ರೂಪಾಯಿ. ಜೇಬಿನಲ್ಲಿ ಕಂಪನಿ ಕೊಟ್ಟ ಐದು ಲಕ್ಷದ ಹೆಲ್ತ್ ಕಾರ್ಡ್ ಇತ್ತಲ್ಲ, ಧೈರ್ಯವಾಗಿ ಮೇಜಿನ ಮೇಲಿಟ್ಟೆ. ಬಿಲ್ಲು ಬರೆಯುತ್ತಿದ್ದ ಹುಡುಗಿ ಅದನ್ನು ಮುಟ್ಟಲೂ ಇಲ್ಲ. "ಸಾರ್, ಇದು ಹಲ್ಲಿಗೆ ನಡೆಯಲ್ಲ. ಫೋನ್‌ಪೇ ಮಾಡ್ತೀರಾ?" ಅಂದಳು.

ಅವಳು ಹೇಳಿದ್ದು ಸರಿ. ನಮ್ಮಲ್ಲಿ ಕಂಪನಿಯ ಗ್ರೂಪ್ ಪಾಲಿಸಿಯಾಗಲಿ, ನಾವೇ ಕೊಳ್ಳುವ ಪಾಲಿಸಿಯಾಗಲಿ, ಮುಖ್ಯವಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ದುಡ್ಡು ಕೊಡುವಂಥವು. ಬೈಕಿನಿಂದ ಬಿದ್ದು ಹಲ್ಲು ಮುರಿದು ಅಡ್ಮಿಟ್ ಆದರೆ ಸಾಮಾನ್ಯವಾಗಿ ಸಿಗುತ್ತದೆ. ಹುಳುಕು ಹಲ್ಲಿಗೆ ಸಿಗಬೇಕಾದರೆ ಓಪಿಡಿ ಕವರ್ (ಅಡ್ಮಿಟ್ ಆಗದೆ ತೋರಿಸಿಕೊಂಡು ಬರುವ ಖರ್ಚಿಗೆ) ಇರಬೇಕು, ಅದರಲ್ಲಿ ಡೆಂಟಲ್ ಅಂತ ಬರೆದೂ ಇರಬೇಕು.

ಹಾಗಾಗಿ ಮೊದಲು ಎಚ್‌ಆರ್ ಹತ್ತಿರ ಹೋಗಿ ಪಾಲಿಸಿಯ ಪೂರ್ತಿ ಷರತ್ತು ಕೇಳಿ, ಕಾರ್ಡಿನ ಫೋಟೋ ಕಳಿಸಿದರೆ ಬೇಡ ಅನ್ನಿ. ಹಲ್ಲಿಗೆ ವರ್ಷಕ್ಕೆ ಎಷ್ಟು, ಅದು ನಿಮಗೊಬ್ಬರಿಗಾ ಅಥವಾ ಇಡೀ ಮನೆಗಾ, ಯಾವ ಕ್ಲಿನಿಕ್‌ಗಳಲ್ಲಿ ನಡೆಯುತ್ತದೆ, ಇಷ್ಟು ನೋಡಿ. ಕೊನೆಯದು ನಮ್ಮ ಕಡೆಯವರಿಗೆ ತುಂಬಾ ಮುಖ್ಯ. ಗೆಳೆಯನೊಬ್ಬನ ಪಾಲಿಸಿಯ ಪಟ್ಟಿಯಲ್ಲಿ ಬೆಂಗಳೂರಿನವೇ ಪುಟಗಟ್ಟಲೆ ಇದ್ದವು, ಕೋಲಾರಕ್ಕೆ ಒಂದೇ ಒಂದು, ಹೋಗಿ ನೋಡಿದರೆ ಅದೂ ಬಾಗಿಲು ಹಾಕಿತ್ತು. ರೀಇಂಬರ್ಸ್‌ಮೆಂಟ್, ಅಂದರೆ ಮೊದಲು ನಾವು ಕಟ್ಟಿ ಆಮೇಲೆ ಬಿಲ್ಲು ಕೊಟ್ಟು ದುಡ್ಡು ವಾಪಸ್ ಪಡೆಯುವುದು, ಇದೆಯಾ ಅಂತಲೂ ಕೇಳಿಬಿಡಿ.

ನರಸಾಪುರ, ವೇಮಗಲ್, ವಸಂತನರಸಾಪುರದ ಕಡೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಡಿತ ಆಗುತ್ತಿದ್ದರೆ, ಪ್ರೈವೇಟ್ ಪಾಲಿಸಿ ಹುಡುಕುವ ಮೊದಲು ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಹಲ್ಲಿನ ಚಿಕಿತ್ಸೆಗೆ ಎಲ್ಲಿಗೆ ಕಳಿಸುತ್ತಾರೆ ಅಂತ ವಿಚಾರಿಸಿ. ನಿಮ್ಮ ಸಂಬಳದಿಂದ 0.75 ಪರ್ಸೆಂಟ್ ಹೋಗುತ್ತಿದೆ, ಸುಮ್ನೆ ಯಾಕೆ ಬಿಡಬೇಕು?

ಇನ್ನು ಸ್ವಂತದ್ದು. ಬರೀ ಹಲ್ಲಿಗೆ ಅಂತ ಬೇರೆ ಪಾಲಿಸಿ ಸಿಗುವುದು ಅಪರೂಪ. ಹೆಲ್ತ್ ಪಾಲಿಸಿಯ ಜೊತೆ ಓಪಿಡಿ ಅಂತ ಸೇರಿಸಿ ಮಾರುತ್ತಾರೆ. ಇಲ್ಲಿ ಒಂದೇ ಲೆಕ್ಕ ಹಾಕಿ. ಓಪಿಡಿಗೆ ಅಂತ 4,000 ಜಾಸ್ತಿ ಕಟ್ಟಿ ವರ್ಷಕ್ಕೆ 5,000ದವರೆಗೆ ಮಾತ್ರ ಸಿಗುವುದಾದರೆ, ಅದರ ಮೇಲೆ ಕ್ಲೇಮ್ ಮಾಡಲು ಇಷ್ಟು ದಿನ ಕಾಯಬೇಕು ಅನ್ನುವ ವೇಟಿಂಗ್ ಪೀರಿಯಡ್ ಬೇರೆ ಇದ್ದರೆ, ಅದು ವ್ಯಾಪಾರವೇ ಅಲ್ಲ. ಅದೇ ದುಡ್ಡನ್ನು ಆರ್‌ಡಿಗೆ ಹಾಕಿ. ಕಂಪನಿ ಗ್ರೂಪ್‌ನಲ್ಲಿ ಹಳೇ ಕಾಯಿಲೆಗೂ ಸಾಮಾನ್ಯವಾಗಿ ಮೊದಲ ದಿನದಿಂದ ಕವರ್ ಕೊಡುತ್ತಾರೆ, ಸ್ವಂತದ್ದರಲ್ಲಿ ಮೂರು ವರ್ಷದವರೆಗೂ ಕಾಯಿಸಬಹುದು.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ಈ ಸಾಲನ್ನು ಗಮನವಿಟ್ಟು ಓದಿ: "ಕಾಸ್ಮೆಟಿಕ್ ಚಿಕಿತ್ಸೆಗೆ ಕವರ್ ಇಲ್ಲ." ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಚಿಕ್ಕಂದಿನಲ್ಲೇ ಹಲ್ಲಿಗೆ ಕಂದು ಗೆರೆ ಬಿದ್ದವರು ನಮ್ಮಲ್ಲಿ ಎಷ್ಟು ಜನ, ಅಲ್ವಾ? ಅದಕ್ಕೆ ಬ್ಲೀಚಿಂಗ್, ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪದರ) ಮಾಡಿಸಿದರೆ ಇನ್ಶೂರೆನ್ಸ್‌ನವರ ಲೆಕ್ಕದಲ್ಲಿ ಅದು ಅಂದಕ್ಕೆ ಮಾಡಿಸಿದ್ದು. ಬಾಗೇಪಲ್ಲಿಯ ನೀರು ಕುಡಿದು ಬೆಳೆದವನಿಗೆ ಇದೆಂಥ ಅಂದವೋ! ಕ್ಲಿಪ್ಪು, ಇಂಪ್ಲಾಂಟ್‌ಗಳನ್ನೂ ಬಹಳಷ್ಟು ಪಾಲಿಸಿಗಳು ಹೊರಗಿಡುತ್ತವೆ.

ಹಾಗಂತ ಸ್ವಂತ ಪಾಲಿಸಿ ಬೇಡವೇ ಬೇಡ ಅಂತಲ್ಲ. ಕೆಲಸ ಬಿಟ್ಟ ದಿನ ಕಂಪನಿಯ ಕವರ್ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆಸ್ಪತ್ರೆ ಖರ್ಚಿಗೆ ಅಂತ ಒಂದು ಸ್ವಂತದ್ದು ಇಟ್ಟುಕೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ. ಕೊಂಡ ಮೇಲೆ ಷರತ್ತು ಹಿಡಿಸದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು. ಹಲ್ಲಿನ ಕೆಲಸಕ್ಕೆ ನಾನಾದರೆ ತುಮಕೂರು ಅಗಳಕೋಟೆಯ ಸಿದ್ಧಾರ್ಥ ಅಥವಾ ಕೆಜಿಎಫ್‌ನ ಡೆಂಟಲ್ ಕಾಲೇಜಿಗೆ ಹೋಗಿ ರೇಟು ಕೇಳುತ್ತೇನೆ. ಕಲಿಯುವ ಹುಡುಗರು ಮಾಡುತ್ತಾರೆ, ಮೇಲೆ ನೋಡಲು ಪ್ರೊಫೆಸರ್ ಇರುತ್ತಾರೆ. ಟೈಮ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಕ್ಲೇಮ್ ಮಾಡುವವರು ಬಿಲ್ಲಿನಲ್ಲಿ ಡಾಕ್ಟರ ರಿಜಿಸ್ಟ್ರೇಷನ್ ನಂಬರ್, ಸೀಲು, ಹಲ್ಲಿನ ನಂಬರ್ ಬರೆಸಿಕೊಳ್ಳಿ. ಎಕ್ಸ್‌ರೇ ಎರಡೂ ಇಟ್ಟುಕೊಳ್ಳಿ, ಚಿಕಿತ್ಸೆಗೆ ಮುಂಚಿನದು, ಆಮೇಲಿನದು. ನನ್ನ ಬಿಲ್ಲಿನಲ್ಲಿ 46 ಅಂತಿತ್ತು. ಇಷ್ಟೊಂದು ಹಲ್ಲು ಎಲ್ಲಿಂದ ಬಂತು ಅಂತ ಗಾಬರಿಯಾಗಿ ಕೇಳಿದೆ. ಕೆಳಗಿನ ಬಲ ದವಡೆಯದ್ದಂತೆ.